ಮೋಟಾರ್‌ಗಳನ್ನು ಗುಂಪು ಕಟ್ಟಿ ಲೆಕ್ಕ ಹಾಕುವ ರೂಢಿ: ಎಲ್ಲಿಂದ ಬಂತು, ಎಲ್ಲಿ ಕೈಕೊಡುತ್ತದೆ

ಬಸ್‌ಬಾರ್‌ನಲ್ಲಿ (ವಿದ್ಯುತ್ ಹಂಚುವ ದಪ್ಪ ಲೋಹದ ಪಟ್ಟಿಯಲ್ಲಿ) ಶಾರ್ಟ್ ಸರ್ಕ್ಯೂಟ್ ಆದ ಕ್ಷಣ, ಓಡುತ್ತಿರುವ ಇಂಡಕ್ಷನ್ ಮೋಟಾರ್ ಜನರೇಟರ್ ಆಗಿಬಿಡುತ್ತದೆ. ವೋಲ್ಟೇಜ್ ಕುಸಿದರೂ ರೋಟರ್ ತಿರುಗುತ್ತಲೇ ಇರುತ್ತದೆ, ಅದರ ಫ್ಲಕ್ಸ್ ತಕ್ಷಣ ಮಾಯವಾಗುವುದಿಲ್ಲ. ಹಾಗಾಗಿ ಮೋಟಾರ್ ತನ್ನ ಸ್ಟಾರ್ಟಿಂಗ್ ಕರೆಂಟ್‌ನಷ್ಟನ್ನು, ಅಂದರೆ ಫುಲ್ ಲೋಡ್ ಕರೆಂಟ್‌ನ ಐದಾರು ಪಟ್ಟನ್ನು, ಫಾಲ್ಟ್ (ಶಾರ್ಟ್ ಆದ ಜಾಗ) ಕಡೆಗೆ ತಳ್ಳುತ್ತದೆ. ಫ್ಲಕ್ಸ್ ಉಳಿಸಿಕೊಳ್ಳಲು ಬೇರೆ ಎಕ್ಸೈಟೇಷನ್ ಇಲ್ಲದ ಕಾರಣ ಸಣ್ಣ ಮೋಟಾರ್‌ಗಳಲ್ಲಿ ಇದು ಒಂದೆರಡು ಸೈಕಲ್‌ಗಳಲ್ಲಿ ಇಳಿದುಹೋಗುತ್ತದೆ. ಆದರೆ ಬ್ರೇಕರ್ ಮತ್ತು ಬಸ್‌ಬಾರ್ ತಡೆದುಕೊಳ್ಳಬೇಕಾದ ಅತಿ ದೊಡ್ಡ ಪೀಕ್ ಬರುವುದು ಮೊದಲ 10 ಮಿಲಿಸೆಕೆಂಡ್‌ನಲ್ಲೇ. ಮೋಟಾರ್‌ಗಳನ್ನು ಫಾಲ್ಟ್ ಕರೆಂಟ್‌ನ ಲೆಕ್ಕದಿಂದ ಬಿಡಲಾಗದು. 2 ಎಚ್‌ಪಿಯಿಂದ 2000 ಎಚ್‌ಪಿವರೆಗೆ ನೂರಾರು ಮೋಟಾರ್ ಇರುವ ಕಾರ್ಖಾನೆಯಲ್ಲಿ ಒಂದೊಂದನ್ನೂ ಬರೆಯಬೇಕೇ, ಗುಂಪು ಮಾಡಿದರೆ ಸಾಕೇ?

ಗುಂಪು ಮಾಡುವ ಅಭ್ಯಾಸ ಉಪಕರಣದ ಕೊರತೆಯಿಂದ ಬೆಳೆದದ್ದು. ಮೊದಲು ಇದ್ದದ್ದು ರೆಸಿಸ್ಟರ್ ಜೋಡಿಸಿದ ಡಿಸಿ ಕ್ಯಾಲ್ಕುಲೇಟಿಂಗ್ ಬೋರ್ಡ್‌ಗಳು. 1929ರ ಹೊತ್ತಿಗೆ ಅಮೆರಿಕದ ಎಂಐಟಿ ಮತ್ತು ಜನರಲ್ ಎಲೆಕ್ಟ್ರಿಕ್ ಸೇರಿ ಎಸಿ ನೆಟ್‌ವರ್ಕ್ ಅನಲೈಸರ್ (ವಿದ್ಯುತ್ ಜಾಲದ ಪುಟ್ಟ ಪ್ರತಿರೂಪ) ಕಟ್ಟಿದವು. ಅಲ್ಲೂ ಸರ್ಕ್ಯೂಟ್ ಯೂನಿಟ್‌ಗಳ ಸಂಖ್ಯೆಗೆ ಮಿತಿಯಿತ್ತು. ಕೈಯಲ್ಲಿ ಪರ್ ಯೂನಿಟ್ ಲೆಕ್ಕ (ಎಲ್ಲವನ್ನೂ ರೇಟೆಡ್ ಮೌಲ್ಯದ ಪಾಲಾಗಿ ಬರೆಯುವುದು) ಮಾಡುವವರಿಗಂತೂ ಒಂದು ಸ್ವಿಚ್‌ಬೋರ್ಡ್‌ನ ಅಷ್ಟೂ ಮೋಟಾರ್‌ಗಳು ಒಂದೇ ರಿಯಾಕ್ಟನ್ಸ್ (ಎಸಿ ಕರೆಂಟ್‌ಗೆ ಕಾಯಿಲ್ ಒಡ್ಡುವ ತಡೆ) ಆಗಲೇಬೇಕಿತ್ತು. ಲೋ ವೋಲ್ಟೇಜ್ ಗುಂಪಿಗೆ 'ಫುಲ್ ಲೋಡ್ ಕರೆಂಟ್‌ನ ನಾಲ್ಕು ಪಟ್ಟು' ಎಂಬ ಸೂತ್ರ ಹೀಗೆ ನೆಲೆಯೂರಿತು. ಅದರ ಹಿಂದಿನ ಊಹೆ ಇದು: ಶೇ. 75 ಇಂಡಕ್ಷನ್ ಮೋಟಾರ್, ತಲಾ 3.6 ಪಟ್ಟು, ಶೇ. 25 ಸಿಂಕ್ರೊನಸ್, ತಲಾ 4.8 ಪಟ್ಟು. ಕೂಡಿದರೆ 3.9. ಇಂದಿನ 415 ವೋಲ್ಟ್ ಎಂಸಿಸಿಯಲ್ಲಿ (ಮೋಟಾರ್ ಕಂಟ್ರೋಲ್ ಸೆಂಟರ್) ಅಷ್ಟು ಸಿಂಕ್ರೊನಸ್ ಮೋಟಾರ್ ಹುಡುಕಿದರೂ ಸಿಗದು. ಊಹೆ ಕಳಚಿಹೋಗಿದೆ, ಅಂಕಿ ಮಾತ್ರ ಉಳಿದಿದೆ.

ಅಮೆರಿಕದಲ್ಲಿ ಇನ್ನೊಂದು ತೊಡಕು ಇತ್ತು. ಮೀಡಿಯಂ ವೋಲ್ಟೇಜ್ ಬ್ರೇಕರ್‌ಗಳ ಸಿ37.010 ಮಾನದಂಡ 50 ಎಚ್‌ಪಿಗಿಂತ ಸಣ್ಣ ಮೋಟಾರ್‌ಗಳನ್ನು ಬಿಟ್ಟುಬಿಡಲು ಹೇಳುತ್ತಿತ್ತು. ಲೋ ವೋಲ್ಟೇಜ್ ಬ್ರೇಕರ್‌ಗಳ ಸಿ37.13 ಅವನ್ನೂ ಸೇರಿಸುತ್ತಿತ್ತು. ಒಂದೇ ಕಾರ್ಖಾನೆಗೆ ಎರಡು ನೆಟ್‌ವರ್ಕ್, ಎರಡು ಲೆಕ್ಕ. 1982ರಲ್ಲಿ ವಾಲ್ಟರ್ ಹ್ಯೂನಿಂಗ್ ಬರೆದ ಪ್ರಬಂಧ ಇವನ್ನು ಕೂಡಿಸುವ ದಾರಿ ತೋರಿಸಿತು. ಸ್ಟಾರ್ಟಿಂಗ್ ಕರೆಂಟ್ ಆರು ಪಟ್ಟು ಎಂದರೆ ರಿಯಾಕ್ಟನ್ಸ್ ಪರ್ ಯೂನಿಟ್‌ನಲ್ಲಿ ಆರರಲ್ಲೊಂದು ಪಾಲು, 0.167. ಮೊದಲ ಸೈಕಲ್‌ಗೆ 50 ಎಚ್‌ಪಿ ಮತ್ತು ಮೇಲಿನವಕ್ಕೆ ಅದನ್ನು 1.2ರಿಂದ ಗುಣಿಸಿ 0.20, ಸಣ್ಣವಕ್ಕೆ 1.67ರಿಂದ ಗುಣಿಸಿ 0.28. ಬ್ರೇಕರ್ ಕಡಿಯುವ ಹೊತ್ತಿನ ಲೆಕ್ಕದಲ್ಲಿ 50 ಎಚ್‌ಪಿ ಮೇಲಿನವಕ್ಕೆ ಗುಣಕ 3, ಸಣ್ಣವು ಪೂರ್ತಿ ಹೊರಗೆ. 1000 ಎಚ್‌ಪಿ ಮೀರಿದವು, ಹಾಗೇ 250 ಎಚ್‌ಪಿ ಮೀರಿದ 3600 ಆರ್‌ಪಿಎಂ ಮೋಟಾರ್‌ಗಳು ಬೇರೆ ಸಾಲು: ಮೊದಲು 1.0, ಆಮೇಲೆ 1.5. ಅವುಗಳ ಕರೆಂಟ್ ನಿಧಾನವಾಗಿ ಇಳಿಯುವುದೇ ಕಾರಣ. ಗುಂಪಿನ ಗೆರೆ ಎಳೆದದ್ದು ಬರೀ ಗಾತ್ರ ನೋಡಿಯಲ್ಲ, ಕರೆಂಟ್ ಎಷ್ಟು ಬೇಗ ಸಾಯುತ್ತದೆ ಎಂಬುದನ್ನು ನೋಡಿ.

ಯುರೋಪಿನ ದಾರಿ ಬೇರೆ. 1988ರ ಅಂತರರಾಷ್ಟ್ರೀಯ ಮಾನದಂಡ ಐಇಸಿ 909 (ಇಂದಿನ 60909) ನಮ್ಮಲ್ಲಿ 1992ರ ಭಾರತೀಯ ಮಾನದಂಡ ಐಎಸ್ 13234ಕ್ಕೆ ಆಧಾರವಾಯಿತು. ಅದರಲ್ಲಿ ಲೋ ವೋಲ್ಟೇಜ್ ಗುಂಪಿಗೆ ಕೇಬಲ್ ಸಮೇತ ಐದು ಪಟ್ಟು ಕರೆಂಟ್, ಆರ್/ಎಕ್ಸ್ (ರೆಸಿಸ್ಟೆನ್ಸ್‌ಗೂ ರಿಯಾಕ್ಟನ್ಸ್‌ಗೂ ಇರುವ ಅನುಪಾತ) 0.42. ಗುಂಪಿನ ಒಟ್ಟು ರೇಟೆಡ್ ಕರೆಂಟ್, ಮೋಟಾರ್ ಇಲ್ಲದ ಫಾಲ್ಟ್ ಕರೆಂಟ್‌ನ ಶೇ. 1 ದಾಟದಿದ್ದರೆ ಬಿಟ್ಟುಬಿಡಬಹುದು.

1250 ಕೆವಿಎ, 433 ವೋಲ್ಟ್, ಶೇ. 5 ಇಂಪೀಡೆನ್ಸ್‌ನ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. ಮೇಲಿನ ಗ್ರಿಡ್ ಇಂಪೀಡೆನ್ಸ್, ವೋಲ್ಟೇಜ್ ಫ್ಯಾಕ್ಟರ್ ಎರಡನ್ನೂ ಬಿಟ್ಟರೆ ಫಾಲ್ಟ್ ಕರೆಂಟ್ 33.3 ಕಿಲೋ ಆಂಪ್. 36 ಕಿಲೋ ಆಂಪ್ ಬ್ರೇಕರ್ ಸಾಕು ಅನಿಸುತ್ತದೆ. ಓಡುವ ಮೋಟಾರ್‌ಗಳ ಒಟ್ಟು ಕರೆಂಟ್ 800 ಆಂಪ್ ಇದ್ದರೆ ಶೇ. 1ರ ಮಿತಿ, ಅಂದರೆ 333 ಆಂಪ್, ಎಂದೋ ದಾಟಿದೆ. 3.6 ಪಟ್ಟು ಹಿಡಿದರೆ ಮೊತ್ತ 36.2, ನಾಲ್ಕಕ್ಕೆ 36.5, ಐದಕ್ಕೆ 37.3. ಯಾವ ಸೂತ್ರ ಹಿಡಿದರೂ ಆ ಬ್ರೇಕರ್ ಸಾಲದು. ಇಂಥ ಪ್ರಶ್ನೆಗೆ ಗುಂಪೇ ಸಾಕು. ನೂರು ನೇಮ್‌ಪ್ಲೇಟ್ ಬರೆದುಕೊಂಡರೂ ಉತ್ತರ ಬದಲಾಗದು.

ಕೇಬಲ್ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 30 ಕಿಲೋವ್ಯಾಟ್, 55 ಆಂಪ್‌ನ ಮೋಟಾರ್‌ಗೆ ಇಂಪೀಡೆನ್ಸ್ ಸುಮಾರು 0.73 ಓಮ್, ಅದರಲ್ಲಿ ರೆಸಿಸ್ಟೆನ್ಸ್ 0.2, ರಿಯಾಕ್ಟನ್ಸ್ 0.7 ಎನ್ನೋಣ. ನೂರು ಮೀಟರ್ ದೂರಕ್ಕೆ 25 ಚದರ ಮಿ.ಮೀ. ಅಲ್ಯೂಮಿನಿಯಂ ಕೇಬಲ್ ಎಳೆದರೆ 0.12 ಓಮ್ ಸೇರುತ್ತದೆ. ಕರೆಂಟ್ ಇಳಿಯುವುದು ಶೇ. 5ರ ಆಸುಪಾಸು ಮಾತ್ರ. ಆದರೆ ಆರ್/ಎಕ್ಸ್ 0.29ರಿಂದ 0.46ಕ್ಕೆ ಏರುತ್ತದೆ, ಪೀಕ್ ಗಣನೀಯವಾಗಿ ತಗ್ಗುತ್ತದೆ. ಐಇಸಿಯ 0.42 ಕೇಬಲನ್ನು ಒಳಗಿಟ್ಟುಕೊಂಡೇ ಬಂದದ್ದು. ಅದರ ಮೇಲೆ ಮತ್ತೆ ಫೀಡರ್ ಕೇಬಲ್ ಬರೆದರೆ ಎರಡು ಸಲ ಲೆಕ್ಕವಾಗುತ್ತದೆ.

ನಿಜವಾದ ತಪ್ಪುಗಳು ಇಂಥಲ್ಲೇ ಅಡಗಿರುತ್ತವೆ. ದೊಡ್ಡ ಪಂಪ್ ಅನ್ನು ಪ್ರತ್ಯೇಕ ಬರೆದು, ಎಂಸಿಸಿಯ ಗುಂಪಿನ ಕೆವಿಎಯಿಂದ ಅದನ್ನು ಕಳೆಯಲು ಮರೆಯುವುದು. ಮೂರರಲ್ಲಿ ಎರಡೇ ಓಡುವ ಪಂಪ್‌ಗಳಲ್ಲಿ ಸ್ಟ್ಯಾಂಡ್‌ಬೈಯನ್ನೂ ಸೇರಿಸುವುದು. ಎಲ್ಲಕ್ಕಿಂತ ಹೆಚ್ಚಾಗಿ ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಡ್ರೈವ್): ಡಯೋಡ್ ರೆಕ್ಟಿಫೈಯರ್ ಇರುವ ಡ್ರೈವ್‌ನಿಂದ ಫಾಲ್ಟ್‌ಗೆ ಕರೆಂಟ್ ಹಿಂತಿರುಗದು. ಗ್ರಿಡ್‌ಗೆ ವಿದ್ಯುತ್ ಮರಳಿಸಬಲ್ಲ ಡ್ರೈವ್‌ಗೆ ಐಇಸಿ ಮೂರು ಪಟ್ಟು ಕೊಡುತ್ತದೆ, ಅದೂ ಆರಂಭದ ಕರೆಂಟ್ ಮತ್ತು ಪೀಕ್‌ಗೆ ಮಾತ್ರ. ಬೈಪಾಸ್ ಕಾಂಟ್ಯಾಕ್ಟರ್ ಇದ್ದರೆ ಆ ಮೋಟಾರ್ ಮತ್ತೆ ಲೆಕ್ಕಕ್ಕೆ ಬರುತ್ತದೆ. ಇವೆಲ್ಲವನ್ನೂ 'ಲಂಪ್ಡ್ ಲೋಡ್, 600 ಕೆವಿಎ' ಎಂಬ ಒಂದು ಚೌಕದಲ್ಲಿ ತುಂಬಿದರೆ ಪರಿಶೀಲಿಸುವವರಿಗೆ ಏನೂ ಕಾಣದು. ಒಂದೊಂದು ಎಂಸಿಸಿಗೂ 50 ಎಚ್‌ಪಿ ಒಳಗಿನವು, ಮೇಲಿನವು, ಡ್ರೈವ್‌ನವು, ಹೀಟರ್ ಮತ್ತು ದೀಪ ಎಂದು ನಾಲ್ಕು ಗುಂಪು ಮಾಡುವುದೇ ಸರಿ. 3.3 ಕೆವಿ ಮತ್ತು ಮೇಲಿನ ಮೋಟಾರ್‌ಗಳನ್ನು ಗುಂಪಿಗೆ ಸೇರಿಸಲೇಬಾರದು.

ಮೋಟಾರ್ ಸ್ಟಾರ್ಟಿಂಗ್, ಬಸ್ ಟ್ರಾನ್ಸ್‌ಫರ್ (ಒಂದು ಸಪ್ಲೈನಿಂದ ಇನ್ನೊಂದಕ್ಕೆ ಬದಲಿಸುವುದು), ವೋಲ್ಟೇಜ್ ಚೇತರಿಕೆಯ ಅಧ್ಯಯನಗಳಲ್ಲಿ ಫಾಲ್ಟ್ ಲೆಕ್ಕದ ಗುಂಪನ್ನು ಹಾಗೇ ಬಳಸುವುದು ಅಪಾಯ. ಅಲ್ಲಿ ಮುಖ್ಯವಾಗುವುದು ಇನರ್ಷಿಯಾ (ತಿರುಗುವ ಭಾಗ ವೇಗ ಉಳಿಸಿಕೊಳ್ಳುವ ಗುಣ, ಇದನ್ನು ಸೆಕೆಂಡ್‌ನಲ್ಲಿ ಹೇಳುತ್ತಾರೆ) ಮತ್ತು ಲೋಡ್ ಟಾರ್ಕ್. 0.3 ಸೆಕೆಂಡ್ ಇನರ್ಷಿಯಾದ ಪಂಪ್ ಮತ್ತು 2 ಸೆಕೆಂಡ್‌ನ ಫ್ಯಾನ್‌ಗೆ ಸರಾಸರಿ ತೆಗೆದರೆ ಸಿಗುವ ಮೋಟಾರ್ ಎಲ್ಲೂ ಇಲ್ಲದ್ದು. ವೋಲ್ಟೇಜ್ ಶೇ. 60ಕ್ಕೆ ಕುಸಿದಾಗ ಟಾರ್ಕ್ ಶೇ. 36ಕ್ಕೆ ಇಳಿಯುತ್ತದೆ. ಪಂಪ್ ನಿಲ್ಲುವತ್ತ ಸಾಗುತ್ತಿರುತ್ತದೆ, ಫ್ಯಾನ್ ವೇಗ ಅಷ್ಟಾಗಿ ತಗ್ಗಿರುವುದಿಲ್ಲ. ಸರಾಸರಿ ಮೋಟಾರ್ ಮಾತ್ರ ಎಲ್ಲವೂ ಚೇತರಿಸಿಕೊಂಡಿತು ಎಂದು ತೋರಿಸಬಹುದು.

ಗ್ರಿಡ್ ಮಟ್ಟದಲ್ಲಿ ಇದೇ ಪಾಠ ಕಲಿತದ್ದು 1996ರ ಆಗಸ್ಟ್ 10ರಂದು, ಅಮೆರಿಕದ ಪಶ್ಚಿಮ ಗ್ರಿಡ್ ಆಂದೋಲನಕ್ಕೆ ಸಿಕ್ಕಿ ಒಡೆದುಹೋದಾಗ. ಆಗಿನ ಮಾದರಿಗಳಲ್ಲಿ ಅದೇ ಘಟನೆಯನ್ನು ಮತ್ತೆ ಓಡಿಸಿ ನೋಡಿದರೆ ಗ್ರಿಡ್ ಸ್ಥಿರವಾಗಿಯೇ ಉಳಿಯುತ್ತಿತ್ತು. 2002ರಲ್ಲಿ ತಾತ್ಕಾಲಿಕವಾಗಿ ಲೋಡ್‌ನ ಶೇ. 20ನ್ನು ಇಂಡಕ್ಷನ್ ಮೋಟಾರ್ ಎಂದು ಹಿಡಿದರು. ಮುಂದೆ ಬಂದ ಕಾಂಪೊಸಿಟ್ ಲೋಡ್ ಮಾದರಿ ಮೋಟಾರ್‌ಗಳನ್ನು ನಾಲ್ಕಾಗಿ ಒಡೆಯಿತು: ಮೂರು ಫೇಸ್ ಕಂಪ್ರೆಸರ್, ಹೆಚ್ಚು ಇನರ್ಷಿಯಾದ ಫ್ಯಾನ್, ಕಡಿಮೆ ಇನರ್ಷಿಯಾದ ಪಂಪ್, ಸಿಂಗಲ್ ಫೇಸ್ ಏರ್ ಕಂಡಿಷನರ್. ಕೊನೆಯದು ವೋಲ್ಟೇಜ್ ಶೇ. 60ರ ಸುಮಾರಿಗೆ ಬಿದ್ದರೆ ಕೆಲವೇ ಸೈಕಲ್‌ಗಳಲ್ಲಿ ಸ್ಟಾಲ್ ಆಗಿ (ತಿರುಗದೆ ನಿಂತು), ಥರ್ಮಲ್ ರಿಲೇ ಬಿಡಿಸುವವರೆಗೂ ಭಾರೀ ಕರೆಂಟ್ ಎಳೆಯುತ್ತಲೇ ಇರುತ್ತದೆ. ಮೂರು ಫೇಸ್ ಮೋಟಾರ್‌ನ ಸಮೀಕರಣ ಅದಕ್ಕೆ ಹೊಂದದ ಕಾರಣ ಅದಕ್ಕೆ ಬೇರೆಯದೇ ಮಾದರಿ ಬರೆದರು.