ಬಿ06.9: ಏನೂ ಆಗದ ರುಬೆಲ್ಲಾ

ರುಬೆಲ್ಲಾ ಎಂಬ ವೈರಸ್ ಕಾಯಿಲೆ ಎಷ್ಟೋ ಸಲ ಬಂದದ್ದೂ ತಿಳಿಯದಂತೆ ಹೋಗಿಬಿಡುತ್ತದೆ. ಸಣ್ಣ ಜ್ವರ, ಕಿವಿಯ ಹಿಂದೆ ಊದಿದ ಗ್ರಂಥಿಗಳು, ಮುಖದಲ್ಲಿ ಎದ್ದು ಮೈಗೆ ಇಳಿಯುವ ತಿಳಿಗೆಂಪು ಗಂದೆ. ಮೂರು ದಿನದಲ್ಲಿ ಅದೂ ಮಾಯ. ಸೋಂಕು ತಗುಲಿದವರಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಮಂದಿಗೆ ಗಂದೆಯೇ ಏಳುವುದಿಲ್ಲ. ಹೀಗೆ ಬಂದು ಹೋಗುವ ಕಾಯಿಲೆಗೂ ಆಸ್ಪತ್ರೆಯ ದಾಖಲೆಯಲ್ಲಿ ಒಂದು ಗುರುತು ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೇ ಆವೃತ್ತಿಯಾದ ಐಸಿಡಿ-10ರಲ್ಲಿ ಆ ಗುರುತು ಬಿ06.9.

ಮೊದಲ ಮೂರು ಅಕ್ಷರಗಳಾದ ಬಿ06 ಅಂದರೆ ರುಬೆಲ್ಲಾ. ಅದರ ಹಿಂದಿನ ಮನೆ, ಬಿ05, ದಡಾರದ್ದು. ಚುಕ್ಕಿಯ ನಂತರ 0 ಬಂದರೆ ಸೋಂಕು ಮಿದುಳಿಗೋ ನರಮಂಡಲಕ್ಕೋ ತಾಗಿದೆ ಎಂದರ್ಥ. 8 ಬಂದರೆ ಕೀಲುವಾತ, ನ್ಯುಮೋನಿಯಾದಂಥ ಬೇರೆ ತೊಡಕು. 9 ಎಂದರೆ ತೊಡಕಿಲ್ಲ.

ಆದರೆ ಈ 9 ಅಷ್ಟು ಸರಳವಲ್ಲ. ಐಸಿಡಿ-10ರಲ್ಲಿ ಕೊನೆಯ 9 ಸಾಮಾನ್ಯವಾಗಿ 'ವಿವರ ಕೊಟ್ಟಿಲ್ಲ' ಎಂಬುದಕ್ಕೆ ಮೀಸಲು. ಯಾವ ಬಗೆಯದೆಂದು ಹೇಳದ ನ್ಯುಮೋನಿಯಾ ಜೆ18.9 ಆಗುವುದು ಹಾಗೆ. ರುಬೆಲ್ಲಾದಲ್ಲಿ ಎರಡೂ ಅರ್ಥ ಒಂದೇ ಮನೆಯಲ್ಲಿವೆ. ವೈದ್ಯರು ರೋಗಿಯನ್ನು ಕೂಲಂಕಷವಾಗಿ ನೋಡಿ 'ತೊಡಕೇನೂ ಇಲ್ಲ' ಎಂದು ಬರೆದರೂ ಬಿ06.9, ಬರೀ 'ರುಬೆಲ್ಲಾ' ಎಂದು ಗೀಚಿ ಮುಂದಿನ ರೋಗಿಯನ್ನು ಕರೆದರೂ ಬಿ06.9. ಪರೀಕ್ಷಿಸಿ ಇಲ್ಲ ಎಂದದ್ದಕ್ಕೂ ಕೇಳದೇ ಬಿಟ್ಟದ್ದಕ್ಕೂ ಲೆಕ್ಕದ ಪುಸ್ತಕದಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ನನ್ನ ಮಟ್ಟಿಗೆ ಇದು ವರ್ಗೀಕರಣದ ಸಣ್ಣ ದೋಷವಲ್ಲ. ವಯಸ್ಕ ಹೆಂಗಸರಲ್ಲಿ ರುಬೆಲ್ಲಾದ ಜೊತೆ ಕೀಲುನೋವು ತೀರಾ ಸಾಮಾನ್ಯ, ಅದೂ ಹಲವು ಸಲ ಗಂದೆ ಎದ್ದ ಮೇಲೆ ಶುರುವಾಗುತ್ತದೆ. ಮೊದಲ ಭೇಟಿಯಲ್ಲಿ ಹಾಕಿದ 9 ಮುಂದಿನ ವಾರ ಸುಳ್ಳಾಗಬಹುದು; ಅದನ್ನು ತಿದ್ದುವವರು ಯಾರು?

ಇನ್ನೊಂದು ತೊಂದರೆ ಗಂದೆಯದೇ. ದಡಾರ, ಪಾರ್ವೊವೈರಸ್ ಎಂಬ ಇನ್ನೊಂದು ವೈರಸ್‌ನ ಸೋಂಕು, ಔಷಧದ ಅಲರ್ಜಿ, ಎಲ್ಲವೂ ಕಣ್ಣಿಗೆ ಹೆಚ್ಚುಕಡಿಮೆ ಹೀಗೇ ಕಾಣುತ್ತವೆ. ಹೊಸ ಸೋಂಕಿಗೆ ಮೈ ತಯಾರಿಸುವ ಐಜಿಎಂ ಪ್ರತಿಕಾಯ ರಕ್ತದಲ್ಲಿ ಸಿಗುವತನಕ ಅದು ರುಬೆಲ್ಲಾ ಎಂಬುದು ಖಚಿತವಲ್ಲ; ವೈದ್ಯರು ಬರೀ 'ಗಂದೆ' ಎಂದು ಬರೆದರೆ ಕೋಡ್ ಆರ್21.

ಇಷ್ಟು ಹಗುರ ಕಾಯಿಲೆಯ ಲೆಕ್ಕ ಯಾಕೆ ಎಂಬುದಕ್ಕೆ ಉತ್ತರ ವರ್ಗೀಕರಣದ ಬೇರೊಂದು ಅಧ್ಯಾಯದಲ್ಲಿದೆ. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್, ಕಣ್ಣಿನ ಪೊರೆಯೊಂದಿಗೇ ಹುಟ್ಟಿದ ಹಲವು ಶಿಶುಗಳ ತಾಯಂದಿರಿಗೆ ಬಸಿರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದಿತ್ತೆಂದು ಗುರುತಿಸಿದರು. ಆ ಶಿಶುಗಳಲ್ಲಿ ಹೃದಯದ ದೋಷವೂ ಇರುತ್ತಿತ್ತು. ಕಿವುಡುತನದ ಸಂಬಂಧ ಆಮೇಲೆ ಸ್ಪಷ್ಟವಾಯಿತು. ಅಂಥ ಮಗುವಿನ ಕೋಡ್ ಪಿ35.0. ಬಿ06ರ ಕೆಳಗೆ ಅದನ್ನು ಸೇರಿಸಬಾರದೆಂದು ಐಸಿಡಿಯೇ ಹೇಳುತ್ತದೆ. ತಾಯಿಯ ಕಡತಕ್ಕೆ ಬಸಿರಿನಲ್ಲಿ ಬಂದ ವೈರಸ್ ಕಾಯಿಲೆಗಳ ಓ98.5 ಬರುತ್ತದೆ, ಸೋಂಕಿತರ ಸಂಪರ್ಕಕ್ಕೆ ಬಂದವರಿಗೆ ಜ಼ಡ್20.4. ಹಾಗಾಗಿ ಒಂದು ಮಗುವಿನ ಬಿ06.9, ಪಕ್ಕದಲ್ಲಿ ಕೂತಿದ್ದ ಗರ್ಭಿಣಿಯ ಜ಼ಡ್20.4, ತಿಂಗಳುಗಳ ನಂತರ ಹುಟ್ಟುವ ಶಿಶುವಿನ ಪಿ35.0 ಮೂರು ಬೇರೆ ಕಡತಗಳಲ್ಲಿ ಕೂರುತ್ತವೆ. ಅವು ಒಂದೇ ವೈರಸ್‌ನ ಸರಪಳಿ ಎಂದು ಕೋಡ್ ಹೇಳುವುದಿಲ್ಲ. ಅದನ್ನು ರೋಗ ಹರಡುವುದರ ಮೇಲೆ ಕಣ್ಣಿಟ್ಟಿರುವವರೇ ಹೆಣೆಯಬೇಕು.

2022ರ ಜನವರಿಯಿಂದ ಜಾರಿಗೆ ಬಂದ ಐಸಿಡಿ-11ರಲ್ಲಿ ತೊಡಕಿಲ್ಲದ ರುಬೆಲ್ಲಾ 1ಎಫ್02.2 ಆಗಿದೆ. ಅನೇಕ ಆಸ್ಪತ್ರೆಗಳಲ್ಲಿ ಈಗಲೂ ನಡೆಯುವುದು ಹಳೆಯ ಬಿ06.9.