ಮೊಟ್ಟೆಯನ್ನೂ ತಿನ್ನದವರು ಇಟಲಿಯ ಹಳೆಯ ಊರುಗಳಲ್ಲಿ ಏನು ಉಣ್ಣಬಹುದು?

ಪ್ರಶ್ನೆ: ನಾವು ಮೀನು, ಮಾಂಸ, ಮೊಟ್ಟೆ ಯಾವುದನ್ನೂ ಮುಟ್ಟದವರು. ಇಟಲಿಯ ಹಳೆಯ ಊರುಗಳನ್ನು ನೋಡುವ ಆಸೆಯಿದೆ. ಹೋದಲ್ಲೆಲ್ಲ ಪಿಜ್ಜಾ ಒಂದನ್ನೇ ತಿನ್ನಬೇಕಾಗುತ್ತದೆಯೇ?

ಉತ್ತರ: ಬೇಕಾಗಿಲ್ಲ, ಆದರೆ ನೀವು ಯಾವ ದಿಕ್ಕಿಗೆ ಹೊರಡುತ್ತೀರಿ ಎಂಬುದು ಮುಖ್ಯ. ಪ್ರವಾಸಿಗರು ಸಾಮಾನ್ಯವಾಗಿ ಹಿಡಿಯುವ ವೆನಿಸ್, ಬೊಲೋನ್ಯಾ, ಫ್ಲಾರೆನ್ಸ್ ದಾರಿಗಿಂತ ದಕ್ಷಿಣದ ಬಾರಿ, ಮತೇರಾ, ನೇಪಲ್ಸ್, ಪಲೆರ್ಮೋಗಳ ದಾರಿಯೇ ನಿಮಗೆ ಅನುಕೂಲ ಎಂದು ನನ್ನ ಅಭಿಪ್ರಾಯ. ಬೊಲೋನ್ಯಾದ ಸೀಮೆಯಲ್ಲಿ ತಾಜಾ ಪಾಸ್ತಾದ ಹಿಟ್ಟನ್ನು ಮೊಟ್ಟೆ ಹಾಕಿ ಕಲಸುವುದು ರೂಢಿ. ದಕ್ಷಿಣದಲ್ಲಿ ಸಾಮಾನ್ಯವಾಗಿ ಗಟ್ಟಿ ಗೋಧಿಯ ರವೆಗೆ ನೀರು ಬೆರೆಸಿದರೆ ಮುಗಿಯಿತು. ಮಾಂಸ ಅಪರೂಪವಾಗಿದ್ದ ರೈತರ ಮನೆಗಳಲ್ಲಿ ಬೆಳೆದು ಬಂದ ಅಡುಗೆಯಾದ್ದರಿಂದ ಅಲ್ಲಿ ಕಾಳು, ಸೊಪ್ಪು, ಬದನೆಕಾಯಿ, ಆಲಿವ್ ಎಣ್ಣೆಗಳಿಗೇ ಮೊದಲ ಸ್ಥಾನ.

ಹಳೆಯ ಬಾರಿಯ ಕೋಟೆಯೆದುರಿನ ಆರ್ಕೊ ಬಾಸ್ಸೊ ಗಲ್ಲಿಯಲ್ಲಿ ಹೆಂಗಸರು ಮನೆಬಾಗಿಲಲ್ಲೇ ಮರದ ಹಲಗೆಯಿಟ್ಟುಕೊಂಡು, ಹಿಟ್ಟಿನ ಸಣ್ಣ ತುಂಡನ್ನು ಚಾಕುವಿನ ಅಲಗಿನಿಂದ ಎಳೆದು, ಹೆಬ್ಬೆರಳ ಮೇಲೆ ಮಗುಚಿ, ಕಿವಿಯಾಕಾರದ ಒರೆಕ್ಕಿಯೆತ್ತೆ ಪಾಸ್ತಾ ಮಾಡುವುದನ್ನು ನಿಂತು ನೋಡಬಹುದು. ಇದನ್ನು ಟರ್ನಿಪ್ ಜಾತಿಯ ಕಹಿ ಸೊಪ್ಪಿನೊಂದಿಗೆ ಬಡಿಸುತ್ತಾರೆ. ಆದರೆ ಒಗ್ಗರಣೆಯ ಎಣ್ಣೆಯಲ್ಲಿ ಆಂಚೊವಿ ಎಂಬ ಸಣ್ಣ ಮೀನನ್ನು ಕರಗಿಸುವ ವಾಡಿಕೆ ಇರುವುದರಿಂದ ಕಣ್ಣಿಗೆ ಏನೂ ಕಾಣದಿದ್ದರೂ ವಿಚಾರಿಸಿಯೇ ತರಿಸಿಕೊಳ್ಳಬೇಕು. ನಿಶ್ಚಿಂತೆಯಿಂದ ಉಣ್ಣಲು ಅದೇ ಸೀಮೆಯ ಫಾವೆ ಎ ಚಿಕೋರಿಯಾ ಮೇಲು: ಸಿಪ್ಪೆ ತೆಗೆದ ಒಣ ಫಾವಾ ಕಾಳನ್ನು ಸಣ್ಣ ಉರಿಯಲ್ಲಿ ಕರಗುವವರೆಗೆ ಬೇಯಿಸಿ, ಆಲಿವ್ ಎಣ್ಣೆ ಹಾಕಿ ಕಡೆದು, ಬೇಯಿಸಿದ ಚಿಕೋರಿ ಸೊಪ್ಪನ್ನು ಪಕ್ಕಕ್ಕಿಟ್ಟು ಕೊಡುತ್ತಾರೆ. ನಮ್ಮ ಗಟ್ಟಿ ತೊವ್ವೆ ಬಲ್ಲವರಿಗೆ ಇದು ಅಪರಿಚಿತವೆನಿಸದು.

ಬಂಡೆ ಕೊರೆದ ಮನೆಗಳಿಂದಾಗಿ 1993ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮತೇರಾದಲ್ಲಿ ಗೋಧಿ ಮತ್ತು ಹಲವು ಕಾಳುಗಳನ್ನು ಒಟ್ಟಿಗೆ ಬೇಯಿಸಿದ ಕ್ರಾಪಿಯಾತಾ ಇದೆ. ನೇಪಲ್ಸ್‌ನಲ್ಲಿ ಪಿಜ್ಜಾ ತಿನ್ನದೆ ಬರುವುದು ಹೇಗೂ ಸಾಧ್ಯವಿಲ್ಲ; ಟೊಮೇಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಮಾತ್ರವಿರುವ ಮಾರಿನಾರಾ ಕೇಳಿ. ಪಲೆರ್ಮೋದ ಬೀದಿಗಳಲ್ಲಿ ಕಡಲೆಹಿಟ್ಟಿನ ಪಾನೆಲ್ಲೆಯನ್ನು ಕರಿದು ಬ್ರೆಡ್ಡಿನೊಳಗಿಟ್ಟು ಕೊಡುತ್ತಾರೆ. ಮಧ್ಯಾಹ್ನದ ಊಟ ಮುಗಿದ ಮೇಲೆ ಅನೇಕ ಹೋಟೆಲುಗಳ ಅಡುಗೆಮನೆ ರಾತ್ರಿಯವರೆಗೆ ಮುಚ್ಚಿರುವುದರಿಂದ ಸಂಜೆಯ ಹಸಿವಿಗೆ ಇಂಥದ್ದೇ ಆಸರೆ.

ನಿಜವಾದ ತೊಡಕಿರುವುದು ಚೀಸಿನಲ್ಲಿ. ಪಾರ್ಮಿಜಾನೊ ರೆಜ್ಜಾನೊ ಎಂಬ ಹೆಸರು ಪಡೆಯಬೇಕಾದರೆ ಹಾಲನ್ನು ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕಿಯೇ ಒಡೆಸಬೇಕೆಂಬ ನಿಯಮವಿದೆ; ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನೆಟ್ ಬಳಸುತ್ತಾರೆ. ಹೀಗಾಗಿ ಇಂಥ ಚೀಸು ಬೆರೆಯುವ ರೋಮಿನ ಕಾಚೊ ಎ ಪೆಪೆ ಪಾಸ್ತಾವಾಗಲಿ, ತುಳಸಿ ಜಾತಿಯ ಎಲೆ ಅರೆದು ಮಾಡುವ ಜೆನೋವಾದ ಪೆಸ್ಟೊ ಚಟ್ನಿಯಾಗಲಿ ನೋಡಲು ಸಸ್ಯಾಹಾರವಾದರೂ ಕಟ್ಟುನಿಟ್ಟಿನವರಿಗೆ ಆಗಿಬರುವುದಿಲ್ಲ. ಅಲ್ಲಿನವರ ಎಣಿಕೆಯಲ್ಲಿ ಚೀಸು ಸಸ್ಯಾಹಾರವೇ ಆದ್ದರಿಂದ ಬಡಿಸುವವರು ತಾವಾಗಿ ಹೇಳುವುದು ಕಡಿಮೆ. ತಿನ್ನುವುದು, ಬಿಡುವುದು ನಿಮ್ಮ ಮನೆಯ ಆಚಾರಕ್ಕೆ ಬಿಟ್ಟದ್ದು. ಹೊರಡುವ ಮುನ್ನವೇ ತೀರ್ಮಾನಿಸಿಕೊಂಡರೆ ಮೇಜಿನ ಮುಂದೆ ಚರ್ಚೆ ತಪ್ಪುತ್ತದೆ.

ಮೊಟ್ಟೆ, ಮೀನುಗಳ ವಿಷಯದಲ್ಲಿ ಕಾನೂನು ನಿಮ್ಮ ಪರವಾಗಿದೆ. ಅಲರ್ಜಿ ಉಂಟುಮಾಡುವ 14 ಬಗೆಯ ಪದಾರ್ಥಗಳು ಯಾವ ತಿನಿಸಿನಲ್ಲಿವೆ ಎಂಬ ಮಾಹಿತಿಯನ್ನು ಯುರೋಪಿಯನ್ ಒಕ್ಕೂಟದ ಹೋಟೆಲುಗಳು ಗಿರಾಕಿಗೆ ಒದಗಿಸಲೇಬೇಕು. ಎಷ್ಟೋ ಮೆನುಗಳಲ್ಲಿ ಪ್ರತಿ ತಿನಿಸಿನ ಮುಂದೆ ಆ ಪದಾರ್ಥಗಳನ್ನು ಸೂಚಿಸುವ ಅಂಕಿಗಳನ್ನೇ ಹಾಕಿರುತ್ತಾರೆ. ಮೊಟ್ಟೆ, ಮೀನು, ಹಾಲು ಆ ಪಟ್ಟಿಯಲ್ಲಿವೆ. ರೆನೆಟ್, ಮಾಂಸದ ಸಾರು, ಹಂದಿಯ ಕೊಬ್ಬು ಅದರಲ್ಲಿಲ್ಲ. ಆದ್ದರಿಂದ ಅಕ್ಕಿಯನ್ನು ಸಾರಿನಲ್ಲಿ ಬೇಯಿಸುವ ರಿಸೊಟ್ಟೊ ಮತ್ತು ಸೂಪುಗಳಿಗೆ ತರಕಾರಿಯ ಸಾರು ಹಾಕಿದ್ದಾರೆಯೇ ಎಂದು ಬಾಯಿಬಿಟ್ಟು ಕೇಳಬೇಕು.

ಫ್ಲಾರೆನ್ಸ್, ಸಿಯೆನಾ ಬಿಡಲಾಗದು ಎನ್ನುವವರಿಗೆ ಹಳೆಯ ಬ್ರೆಡ್ಡು ಮತ್ತು ಟೊಮೇಟೊ ಬೇಯಿಸಿ ಮಾಡುವ ಪಾಪ್ಪಾ ಅಲ್ ಪೊಮೊದೊರೊ ಸಿಗುತ್ತದೆ. ಇನ್ನೂ ಉತ್ತರಕ್ಕೆ ಹೋದರೆ ಜೆನೋವಾದಲ್ಲಿ ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪನ್ನು ಕದಡಿ ಅಗಲವಾದ ತಾಮ್ರದ ತಟ್ಟೆಯಲ್ಲಿ ಸುರಿದು ಸೌದೆಯ ಒಲೆಯಲ್ಲಿ ಬೇಯಿಸುವ ಫರಿನಾತಾ ಇದೆ. ಮೀನು ಹರಡಿದ ಬಗೆಯೂ ಇರುವುದರಿಂದ ಸಾದಾ ಫರಿನಾತಾ ಎಂದೇ ಹೇಳಿ ಕೊಳ್ಳಿ.