ಯಾವ ಗೊಲ್ಲರಹಟ್ಟಿ? ತುರ್ತು ಕರೆಯಿಂದ ಆಸ್ಪತ್ರೆ ಬಾಗಿಲವರೆಗೆ

ಇಎಂಟಿ (ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವವರ ತರಬೇತಿ) ಓದುತ್ತಿರುವ ನಮ್ಮ ದಾವಣಗೆರೆ ಗೆಳೆಯರಿಗೆ ಅಂತ ಬರೆದ ಟಿಪ್ಪಣಿ ಇದು. ರೋಗಿಯ ಸುರಕ್ಷತೆ ಅಂದ ಕೂಡಲೇ ಔಷಧಿ, ಆಕ್ಸಿಜನ್, ಸ್ಟ್ರೆಚರ್ ಬೆಲ್ಟ್ ನೆನಪಾಗುತ್ತವೆ. ಅವೆಲ್ಲ ಬೇಕೇ ಬೇಕು. ಆದರೆ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಮಾತು ದಾಟುವಾಗ ಆಗುವ ತಪ್ಪುಗಳೇ ನನಗೆ ಜಾಸ್ತಿ ಭಯ ಹುಟ್ಟಿಸುತ್ತವೆ.

ಮೊದಲು ಜಾಗ. 108ಕ್ಕೆ ಮಾಡಿದ ಕರೆ ಹೋಗುವುದು ಕರೆ ಕೇಂದ್ರಕ್ಕೆ. ಅಲ್ಲಿ ಕೂತವರಿಗೆ "ಗೊಲ್ಲರಹಟ್ಟಿ" ಅಂದರೆ ಸಾಕಾಗಲ್ಲ, ಚಿತ್ರದುರ್ಗ ಜಿಲ್ಲೆಯಲ್ಲೇ ಆ ಹೆಸರಿನ ಹಟ್ಟಿಗಳು ಎಷ್ಟೋ ಇವೆ. ತಾಲ್ಲೂಕು ಯಾವುದು, ಪಕ್ಕದ ದೊಡ್ಡ ಊರು ಯಾವುದು, ಗುಡಿ ಹತ್ತಿರವೋ ಶಾಲೆ ಹತ್ತಿರವೋ ಅಂತ ಕೇಳಿ, ಕೇಳಿದ್ದನ್ನು ಕರೆ ಮಾಡಿದವರಿಗೇ ತಿರುಗಿ ಹೇಳಿ "ಸರಿನಾ?" ಅನ್ನಬೇಕು. ಹೈವೇ 48ರಲ್ಲಿ ಅಪಘಾತವಾದರೆ ಇನ್ನೂ ಒಂದು ಪ್ರಶ್ನೆ: ಗಾಡಿ ಬೆಂಗಳೂರು ಕಡೆ ಹೋಗ್ತಿತ್ತಾ, ಹುಬ್ಬಳ್ಳಿ ಕಡೆನಾ? ನಡುವೆ ಡಿವೈಡರ್ ಇದೆ. ಆಂಬುಲೆನ್ಸ್ ತಪ್ಪು ಬದಿಗೆ ಬಂದರೆ ಗಾಯಾಳು ಕಣ್ಣಿಗೆ ಕಂಡರೂ ಮುಂದಿನ ಅಂಡರ್‌ಪಾಸ್‌ವರೆಗೆ ಹೋಗಿ ತಿರುಗಿ ಬರಬೇಕು.

ಎರಡನೆಯದು ಉಸಿರು. ಇದಕ್ಕೆ ಜಾಸ್ತಿ ಹೊತ್ತು ಕೊಡಿ. ಕ್ಲಾಸಿನ ಅಣಕು ಕರೆಯಲ್ಲಿ ನಾನು ಕರೆ ತಗೊಂಡವನು. ಆ ಕಡೆಯಿಂದ, "ಅಪ್ಪಾಜಿ ಬಿದ್ದಾರೆ ಸಾರ್, ಮಾತಾಡಂಗಿಲ್ಲ, ಉಸಿರು ಐತೆ, ಗೊರ ಗೊರ ಅಂತಾರೆ." ಉಸಿರಿದೆಯಲ್ಲ ಅಂತ ನಾನು ಮುಂದಿನ ಪ್ರಶ್ನೆಗೆ ಹೋದೆ. ಅದು ತಪ್ಪು. ಹೃದಯ ನಿಂತ ಮೇಲೂ ಕೆಲವು ನಿಮಿಷ ಹೀಗೆ ಗೊರಕೆಯಂಥ, ಬಿಟ್ಟು ಬಿಟ್ಟು ಎಳೆಯುವ ಉಸಿರು ಇರಬಹುದು, ಅದನ್ನು ಉಸಿರು ಅಂತ ಲೆಕ್ಕಕ್ಕೆ ಹಿಡಿಯಬಾರದು. ಕೇಳಬೇಕಾದ್ದು ಎರಡೇ: ಎಚ್ಚರ ಇದೆಯಾ? ಉಸಿರಾಟ ಮಾಮೂಲಿನಂತೆ ಇದೆಯಾ? ಎರಡಕ್ಕೂ ಇಲ್ಲ ಅಂದರೆ ಫೋನನ್ನು ಸ್ಪೀಕರಿಗೆ ಹಾಕಿಸಿ, ಎದೆಯ ನಡುವೆ ಒತ್ತಿಸಲು ಶುರು ಮಾಡಿ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಗಾಬರಿಯಲ್ಲಿರುವ ಮಗನಿಗೆ ಈ ಅಂಕಿ ಹೇಳಿ ಉಪಯೋಗವಿಲ್ಲ, ನೀವೇ ಜೋರಾಗಿ "ಒಂದು, ಎರಡು, ಮೂರು" ಅಂತ ಎಣಿಸುತ್ತಾ ಹೋಗಿ, ಅವನು ಆ ತಾಳಕ್ಕೆ ಒತ್ತುತ್ತಾನೆ.

ಗಾಡಿಯೊಳಗೆ ಔಷಧಿ ಹೇಳುವಾಗ "ಫಿಫ್ಟೀನ್", "ಫಿಫ್ಟಿ" ಬೇಡ. ಸೈರನ್ ಸದ್ದಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಹದಿನೈದು, ಐವತ್ತು ಅಂದರೆ ಗೊಂದಲವೇ ಇಲ್ಲ, ಅಲ್ವಾ? ಕೊಡುವವರು ಲೇಬಲ್ ಓದಿ ಹೇಳಬೇಕು, ಜೊತೆಗಿದ್ದವರು ಅದನ್ನೇ ತಿರುಗಿ ಹೇಳಬೇಕು.

ಆಕ್ಸಿಜನ್ ಲೆಕ್ಕ ಹೊರಡುವ ಮುಂಚೆಯೇ ಆಗಲಿ. 1500 ಲೀಟರಿನ ಸಿಲಿಂಡರಿನಿಂದ ನಿಮಿಷಕ್ಕೆ 10 ಲೀಟರ್ ಬಿಟ್ಟರೆ 150 ನಿಮಿಷ. ಗೇಜ್ ಅರ್ಧ ತೋರಿಸಿದರೆ 75. ಜಗಳೂರಿನ ಆಚೆ ಹಳ್ಳಿಯಿಂದ ದಾವಣಗೆರೆಗೆ ಬರುವಾಗ ಈ ಅರ್ಧವನ್ನು ನಂಬಿ ಹೊರಡಬೇಡಿ.

ಕೊನೆಗೆ, ರೋಗಿಯನ್ನು ಒಪ್ಪಿಸುವಾಗ. "ಬೆಳಗ್ಗೆ 6ಕ್ಕೆ ಎದ್ದಾಗ ಬಾಯಿ ಸೊಟ್ಟಗಾಗಿತ್ತು" ಅಂತ ಮನೆಯವರು ಹೇಳುತ್ತಾರೆ. ಅಷ್ಟಕ್ಕೇ ಬಿಡದೆ, ಚೆನ್ನಾಗಿದ್ದದ್ದನ್ನು ಕೊನೆಗೆ ನೋಡಿದ್ದು ಯಾವಾಗ ಅಂತ ಕೇಳಿ. ರಾತ್ರಿ 10ಕ್ಕೆ ಊಟ ಮಾಡಿ ಮಲಗಿದ್ದರು ಅಂದರೆ ಪಾರ್ಶ್ವವಾಯುವಿನ ಗಡಿಯಾರ ಶುರುವಾಗುವುದು ಅಲ್ಲಿಂದ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿ ಇದೆ, ನೀವು 6 ಅಂತ ಬರೆದರೆ ಡಾಕ್ಟರ್ ಇನ್ನೂ ಹೊತ್ತಿದೆ ಅಂದುಕೊಳ್ಳುತ್ತಾರೆ, ಆ ಮದ್ದಿನಿಂದ ಮಿದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯವೂ ಇದೆ. ಕೇಸ್ ಶೀಟಿನಲ್ಲಿ ಎರಡೂ ಸಮಯ ಬರೆಯಿರಿ, ರಾತ್ರಿ 10ರ ಕೆಳಗೆ ಗೆರೆ ಎಳೆಯಿರಿ, ಬಾಯಲ್ಲೂ ಹೇಳಿ.